ಷಮೀಮಳನ್ನು ಪರೀಕ್ಷೆಗೆ ಕರೆಯಲು ಮಳವಳ್ಳಿಗೆ

ಬೆಳಿಗ್ಗೆ ಏಳೂವರೆಗೆ ಕೆರಗೋಡಿನಲ್ಲಿ ಬಸ್ಸು ಹತ್ತಿದೆ. ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟರು. ಹೆಂಗಸರಿಗೆ ಪ್ರಯಾಣ ಬಿಟ್ಟಿಯಾದ ಮೇಲೂ ನಾನು ಮಂಡ್ಯ ದಾಟಿದ್ದು ಕಡಿಮೆ. ಈ ಸಲ ಮಳವಳ್ಳಿಗೆ ಹೋಗಲೇಬೇಕಿತ್ತು. ಸೋಮವಾರ ಬಿ.ಎ. ಇಂಗ್ಲಿಷ್ ಪರೀಕ್ಷೆ. ನನ್ನ ಜೊತೆ ಓದುತ್ತಿದ್ದ ಷಮೀಮ ಎರಡು ತಿಂಗಳಿಂದ ಮಂಡ್ಯದಲ್ಲಿ ನಡೆಯುವ ದೂರಶಿಕ್ಷಣದ ಭಾನುವಾರದ ಕ್ಲಾಸಿಗೆ ಬಂದಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ.

ನಾನು ಅಂಗನವಾಡಿ ಟೀಚರು, ವಯಸ್ಸು ನಲವತ್ತೆರಡು. ಅವಳಿಗೆ ಮೂವತ್ತು. ಇಂಗ್ಲಿಷಿನ ನುಡಿಗಟ್ಟುಗಳೆಂದರೆ ಇಬ್ಬರಿಗೂ ಕಬ್ಬಿಣದ ಕಡಲೆ. ಬಾಯಿಪಾಠ ಮಾಡಿದರೆ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಒಂದೊಂದು ನುಡಿಗಟ್ಟಿಗೂ ನಮ್ಮ ನಮ್ಮ ಊರಿನ ಒಬ್ಬೊಬ್ಬರನ್ನು ಹುಡುಕುತ್ತಿದ್ದೆವು. ‘ಸಿಟ್ಟಿಂಗ್ ಆನ್ ದ ಫೆನ್ಸ್’ ಎಂದರೆ ನಮ್ಮ ಭಾವ: ಪಂಚಾಯ್ತಿ ಚುನಾವಣೆಯಲ್ಲಿ ಎರಡೂ ಕಡೆಯವರ ಬಾಡೂಟ ಉಂಡು, ಯಾರ ಪರವಾಗಿಯೂ ತುಟಿ ಬಿಚ್ಚದವರು. ‘ಕ್ರೈಯಿಂಗ್ ಓವರ್ ಸ್ಪಿಲ್ಟ್ ಮಿಲ್ಕ್’ನಲ್ಲಿ ಮಾತ್ರ ನಾನು ಎಡವಿದೆ. ಆಗಿಹೋದದ್ದಕ್ಕೆ ಅತ್ತು ಫಲವಿಲ್ಲ ಎಂದು ಬರೆಯಬೇಕಿತ್ತು. ಡೈರಿಗೆ ಒಯ್ಯುವಾಗ ಹಾಲಿನ ಕ್ಯಾನು ಉರುಳಿ ನಮ್ಮವ್ವ ಬೀದಿಯಲ್ಲೇ ಅತ್ತದ್ದನ್ನು ಕಂಡವಳು ನಾನು. ಅಳುವುದೇ ನ್ಯಾಯ ಎಂದು ಬರೆದೆ. ಮೇಷ್ಟ್ರು ಸೊನ್ನೆ ಹಾಕಿದರು. “ಅವ್ರು ಅಸ ಕಟ್ಟಿ ಆಲು ಕರ್ದಿಲ್ಲ, ಬುಡಕ್ಕ,” ಎಂದು ಷಮೀಮ ಬಿದ್ದುಬಿದ್ದು ನಕ್ಕಿದ್ದಳು. ಆ ನಗು ಕೇಳದೆ ನನಗೆ ಓದೇ ರುಚಿಸುತ್ತಿರಲಿಲ್ಲ.

ಮಂಡ್ಯದಲ್ಲಿ ಮಳವಳ್ಳಿಯ ನೇರ ಬಸ್ಸು ತಪ್ಪಿತು. ಮದ್ದೂರಿಗೆ ಹೋಗಿ ಇಳಿದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅವಳಿಗೆಂದು ನಾಲ್ಕು ವಡೆ ಕಟ್ಟಿಸಿಕೊಂಡು ಇನ್ನೊಂದು ಬಸ್ಸು ಹಿಡಿದೆ. ಮಳವಳ್ಳಿ ತಲುಪಿದಾಗ ಹನ್ನೊಂದು ಗಂಟೆ.

ಬಾಗಿಲು ತೆಗೆದ ಷಮೀಮ ಸೊರಗಿದ್ದಳು. ಒಳಗೆ ಮಂಚದ ಮೇಲೆ ಅವಳ ಅತ್ತೆ ಮಲಗಿದ್ದರು; ಲಕ್ವ ಹೊಡೆದು ಬಲಭಾಗ ಸ್ವಾಧೀನದಲ್ಲಿರಲಿಲ್ಲ. ಗಂಡ ಗ್ಯಾರೇಜಿಗೆ ಹೋಗಿದ್ದ. ಗಂಜಿ ಕುಡಿಸಲು, ಮಗ್ಗುಲು ತಿರುಗಿಸಲು ಇವಳೊಬ್ಬಳೇ.

“ಫೋನ್ ಎತ್ತುದ್ರೆ ಬಾ ಅಂತೀಯ. ಬರಕಾಗಲ್ಲ ಅನ್ನಕೆ ನಂಗೆ ಬಾಯೇ ಬರ್ನಿಲ್ಲ ಜಯಕ್ಕ,” ಎಂದಳು.

“ಸೋಮವಾರ ನಾನು ಬಂದು ನಿಮ್ಮತ್ತೆ ತಾವ ಕೂತ್ಕತೀನಿ. ನೀನು ಓಗಿ ಬರ್ದುಬುಟ್ಟು ಬಾ.”

“ನಿನ್ ಪರೀಕ್ಸೆ?”

“ಮುಂದಿನ್ ವರ್ಸ ಬರ್ಕತೀನಿ ಕಣಮ್ಮಿ.”

ಅವಳಿಗೆ ಸಿಟ್ಟು ಬಂತು. “ತಲೆ ಕೆಟ್ಟದಾ ನಿಂಗೆ? ಮೂರು ವರ್ಸದಿಂದ ಓದಿದ್ದೀಯ. ಬರೀದೆ ಇಲ್ಲಿಗೆ ಬಂದ್ರೆ ನಾನು ಬಾಗ್ಲೇ ತೆಗೆಯಕಿಲ್ಲ.”

ಹೇಳುತ್ತಲೇ ಕಣ್ಣೊರೆಸಿಕೊಂಡಳು. ನಾನು ವಡೆಯ ಪೊಟ್ಟಣ ಅವಳ ಕೈಗಿಟ್ಟೆ. ಆಮೇಲೆ ಗಂಜಿ ಕುಡಿಸುತ್ತಲೇ ಒಂದು ಗಂಟೆ ನನಗೆ ಪ್ರಶ್ನೆ ಕೇಳಿದಳು. ಒಂದು ತಪ್ಪನ್ನೂ ಬಿಡಲಿಲ್ಲ. ಪುಸ್ತಕ ಮುಟ್ಟದ ಈ ಎರಡು ತಿಂಗಳಲ್ಲೂ ಅವಳಿಗೆ ಎಲ್ಲವೂ ನೆನಪಿತ್ತು.

ಮೂರು ಗಂಟೆಗೆ ಹೊರಟೆ. ಅವಳು ಬಾಗಿಲವರೆಗಷ್ಟೇ ಬಂದಳು. ಅತ್ತೆಯವರನ್ನು ಬಿಟ್ಟು ಬಸ್ ಸ್ಟ್ಯಾಂಡಿಗೆ ಬರುವ ಹಾಗಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳು, ಕ್ಲಾಸಿನ ಬೆಂಚಿನಲ್ಲಿ ಅವಳಿಗೆ ಜಾಗ ಹಿಡಿಯುತ್ತಿದ್ದ ಹಾಗೆಯೇ ಪಕ್ಕದ ಸೀಟಿಗೆ ಕರ್ಚೀಫು ಹಾಕಿಬಿಟ್ಟಿದ್ದೆ.

“ಯಾರಾರ ಬತ್ತಾರೇನವ್ವ?” ಎಂದು ಒಬ್ಬ ಅಜ್ಜಿ ಕೇಳಿದರು.

“ಬತ್ತಾರೆ,” ಎಂದೆ.

ಅವರು ಕಂಬಿ ಹಿಡಿದು ನಿಂತರು. ಬಸ್ಸು ಹೊರಟಿತು. ಕರ್ಚೀಫು ತೆಗೆದು ಅವರಿಗೆ ಜಾಗ ಬಿಟ್ಟೆ.