ತರ್ಗೊವಿಷ್ಟೆಯ ಗಾರೆ ಅಂಕಲ್

ಕೊಲಂಬಿಯಾ ನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ರೊಮೇನಿಯಾದ ಗಾರೆ ಕೆಲಸಗಾರರೊಬ್ಬರಿದ್ದರು. ಹಿಂದೆ ಅರಸರ ರಾಜಧಾನಿಯಾಗಿದ್ದ ತರ್ಗೊವಿಷ್ಟೆ ಅವರ ಊರು. ಅಲ್ಲಿನ ಹಳೆಯ ಅರಮನೆಯ ಗೋಡೆಗಳನ್ನು ಪ್ರಾಯದಲ್ಲಿ ರಿಪೇರಿ ಮಾಡಿದ್ದರಂತೆ. ಒಳ್ಳೆಯ ಗೋಡೆ ಕಂಡರೆ ಅಂಗೈಯಿಂದ ಸವರಿ, "ಅವಸರ ಮಾಡಿಲ್ಲ," ಎಂದು ಮೆಚ್ಚುವರು.

ಲೈಬ್ರರಿಯಲ್ಲಿ ನಡೆದ ದೇಶವಿದೇಶಗಳ ಮೇಳದಲ್ಲಿ ತಮ್ಮ ನಾಡಿನ ಬಗ್ಗೆ ಹೇಳಲು ಅವರಿಗೊಂದು ಮೇಜು ಸಿಕ್ಕಿತು. ರೊಮೇನಿಯಾ ಎಂದರೆ ಎಲ್ಲರಿಗೂ ರಕ್ತಪಿಶಾಚಿಯ ಕಥೆಯೇ ನೆನಪು; ಜನ ಸೇರಲೆಂದು ಸಂಘಟಕರು ಅವರಿಗೆ ತೊಡಲು ಅದರ ಕಪ್ಪು ನಿಲುವಂಗಿ ತಂದರು. ಅವರು ಅದನ್ನು ಮಡಿಸಿ ಹಿಂದಿರುಗಿಸಿ, ಅರಮನೆಯ ಫೋಟೋ ಒಂದನ್ನೇ ಇಟ್ಟುಕೊಂಡು ಕುಳಿತರು. ಬಹಳ ಹೊತ್ತು ಯಾರೂ ಬರಲಿಲ್ಲ.

ಕೊನೆಗೆ ನನ್ನ ಮಗಳು ಹೋಗಿ, "ನೀವು ಫಿಕ್ಸ್ ಮಾಡಿದ್ದು ಯಾವುದು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನೀನೇ ಹುಡುಕು," ಎಂದರು.

ಅವಳು ಫೋಟೋಗೆ ಮೂಗು ತಾಗಿಸಿ ಹುಡುಕಿ, ನನ್ನತ್ತ ತಿರುಗಿ ಕೂಗಿದಳು: "ಅಮ್ಮಾ, ರಿಪೇರಿ ಮಾಡಿದ್ದು ಎಲ್ಲೂ ಗೊತ್ತಾಗ್ತಾನೇ ಇಲ್ಲ!"

ನಾನದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.