ಬಾಳೆ ನಾರಿನ ಚಪ್ಪರ

ನಮ್ಮ ಮೊಮ್ಮಗಳು ಇವತ್ತು ಬಲಗೈಯ ಐದೂ ಬೆರಳು ಬಿಚ್ಚಿ ತೋರಿಸಿದಳು! ಮೈಸೂರಿನ ಆಸ್ಪತ್ರೆಯ ಡಾಕ್ಟರಮ್ಮ, "ಇನ್ನು ಪಟ್ಟಿ ಬೇಡ ಅಜ್ಜಿ" ಅಂದರು. ನಗುವುದೋ ಅಳುವುದೋ ನನಗೆ ತಿಳಿಯಲಿಲ್ಲ. ಬರುವಾಗ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಮಗುವಿಗೆ ಒಂದು ಮೊಳ ಮಲ್ಲಿಗೆ ಕೊಂಡೆ. ಹೂವಿನ ಪೊಟ್ಟಣಕ್ಕೆ ಸುತ್ತಿದ್ದ ಒದ್ದೆ ಬಾಳೆ ನಾರು ಬೆರಳಿಗೆ ತಾಕಿತು... ಭೀಮನಬೀಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಪ್ಪರದ ತಾತ ಕಣ್ಣ ಮುಂದೆ ಬಂದು ನಿಂತ.

ಊರವರೆಲ್ಲ ಅವರೆ ಬಳ್ಳಿಗೆ ತಂತಿ ಎಳೆದರೆ ತಾತ ತೊಗರಿ ಕಡ್ಡಿ ಹೆಣೆದು ಬಾಳೆ ನಾರಿನಲ್ಲಿ ಕಟ್ಟುತ್ತಿದ್ದ. ಅದೂ ಸಂದು ಸಂದು ಬಿಟ್ಟು. ಆಗಿನ್ನೂ ಹೊಸ ಸೊಸೆಯಾಗಿದ್ದ ನಾನು ರೇಗಿಸುತ್ತಿದ್ದೆ.

"ಏನ್ ತಾತ, ಗುಬ್ಬಿ ಕೂತ್ರೆ ಬಿದ್ದೋಯ್ತದಲ್ಲ ನಿನ್ ಚಪ್ರ?"

"ಬೀಳ್ಲಿ ಬುಡಮ್ಮಿ. ಸಂದಿದ್ರೆ ತಾನೆ ಬಳ್ಳಿ ಕೈ ಇಕ್ಕಿ ಅತ್ತೋದು? ಒಂದಕ್ಕೊಂದು ತಬ್ಕಂಡು ಬಲ್ತ ಮ್ಯಾಲೆ ನನ್ ನಾರ್ ಯಾಕ್ ಬೇಕು, ಮಣ್ಗೋಗ್ಲಿ."

ಹೋದ ವರ್ಷ ಕುದಿಯುವ ಎಸರು ಬಿದ್ದು ಮಗುವಿನ ಅಂಗೈ ಬೆಂದುಹೋಯಿತು. ಹಾಗೇ ಬಿಟ್ಟರೆ ಗಾಯ ಬಿಗಿದು ಬೆರಳು ಮಡಿಚಿಕೊಂಡೇ ಉಳಿಯುತ್ತದೆ ಅಂದರು ಡಾಕ್ಟರಮ್ಮ. ಗಾಯದ ಮೇಲೆ ಹಾಕಲು ಎಳೆ ತಾಟಿನುಂಗಿನ ತಿರುಳಿನಂಥ ಮೆತ್ತನೆಯ ಒಂದು ಜೆಲ್ ಹಾಳೆ ತೋರಿಸಿದರು.

"ಹೊಸದಾಗಿ ಬಂದಿರೋದು ಅಜ್ಜಿ. ಇದರ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಿವೆ. ಅದರೊಳಗೆ ಚರ್ಮ ಹಬ್ಬುತ್ತೆ, ಹಬ್ಬಿದ ಹಾಗೆ ಇದು ಕರಗಿಹೋಗುತ್ತೆ. ಬೇಗ ಕರಗಿದರೆ ಆಸರೆ ಇಲ್ಲ, ತಡವಾದರೆ ಅಡ್ಡಿ. ಅಳತೆ ನೋಡಿಯೇ ಮಾಡಿರ್ತಾರೆ."

ನನ್ನ ಮಗ ಹೆದರಿದ. "ಕರ್ಗೋಗೋದ ಯಾಕವ್ವಾ ಆಕುಸ್ಬೇಕು? ಬ್ಯಾಡ, ಮನೆಗೋಗನ ನಡಿ."

ಅವತ್ತೂ ನನಗೆ ನೆನಪಾದವನು ತಾತನೇ. "ಚಪ್ರದ್ ತಾತನ ನಾರು ಕಣ್ಲಾ ಇದು! ಅವನ ಅವರೆಕಾಯ ಕದ್ದು ಕಿತ್ತೋನಲ್ವಾ ನೀನು? ಊಂ ಅನ್ಲಾ!" ಅಂದೆ. ಅವನು ಹೂಂ ಅಂದ. ಆಮೇಲೆ ತಿಂಗಳುಗಟ್ಟಲೆ ಪಟ್ಟಿ, ಎಣ್ಣೆ, ಬೆರಳು ಬಿಡಿಸುವ ಕಸರತ್ತು, ಮಗುವಿನ ಅಳು...

ಇವತ್ತು ಸಂಜೆ ಮನೆಯವರೆಲ್ಲ ಒಟ್ಟಿಗೆ ಉಣ್ಣಲು ಕೂತೆವು. ಚಪ್ಪರದವರೆಯ ಸಾರು, ಮುದ್ದೆ. ತಾತ ಹೋಗಿ ಎಷ್ಟೋ ವರ್ಷವಾಯಿತು, ಅವನ ಹಿತ್ತಲೂ ಈಗ ಬಯಲು. ಇದನ್ನೆಲ್ಲ ಹೇಳೋಣವೆಂದರೆ ಅವನಿಲ್ಲ. ಸೊಸೆ ಎಂದಿನಂತೆ ತುತ್ತು ಮುರಿದು ಮಗುವಿನ ಬಾಯಿಗೆ ಹಿಡಿದಳು.

"ಬುಡವ್ವ, ನಾನೇ ಮುರ್ಕತೀನಿ" ಅಂದು ನನ್ನ ಕೂಸು ಬಲಗೈ ಅಗಲಿಸಿ ಮುದ್ದೆಯ ಮೇಲೆ ಇಟ್ಟಿತು.