ತೆರಿಗೆ ಕಟ್ಟುವವನ ಅವ್ವ

ನಾನು ಭಾರತೀನಗರದ ಖಾಸಗಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಹಿಡಿಯುತ್ತಾರೆ. "ನಾವು ಕಟ್ಟೋದು, ಊರೋರು ಬಿಟ್ಟಿ ತಿನ್ನೋದು" ಎಂದು ಸ್ಟಾಫ್ ರೂಮಿನಲ್ಲಿ ನನ್ನಷ್ಟು ಗಂಟಲು ಹರಿದುಕೊಂಡವರು ಇನ್ನೊಬ್ಬರಿಲ್ಲ. ಮನೆಯೊಡತಿಗೆ ಸರ್ಕಾರ ಕೊಡುವ ಎರಡು ಸಾವಿರ ನಮ್ಮವ್ವನ ಖಾತೆಗೂ ಬೀಳುತ್ತಿತ್ತು ಎಂಬುದನ್ನು ಮಾತ್ರ ಅಲ್ಲಿ ಬಾಯಿ ಬಿಡುತ್ತಿರಲಿಲ್ಲ.

ಹೋದ ವರ್ಷ ಅದು ನಿಂತಿತು. ಮನೆಯಲ್ಲಿ ತೆರಿಗೆ ಕಟ್ಟುವವನಿದ್ದಾನೆಂದು ಈಗ ಗೊತ್ತಾಗಿದೆ, ಇನ್ನು ಬರುವುದಿಲ್ಲ ಎಂದರು ತಾಲ್ಲೂಕು ಆಫೀಸಿನಲ್ಲಿ. ಎದುರು ಮನೆಯವರದು ಎಂಟೆಕರೆ ಕಬ್ಬು, ಎರಡು ಟ್ರ್ಯಾಕ್ಟರು. ಬೇಸಾಯದ ಆದಾಯಕ್ಕೆ ತೆರಿಗೆಯಿಲ್ಲ, ಆ ಮನೆಯಾಕೆಗೆ ಹಣ ತಪ್ಪಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವ್ವನಿಗೆ ಉರಿದದ್ದು ನನ್ನ ಮೇಲೆ.

"ಅವ್ರಿಗೆ ಬತ್ತದೆ, ನಂಗ್ಯಾಕ್ಲಾ ಬರಾಕಿಲ್ಲ? ನಿನ್ನಿಂದ್ಲೇ ಕಣ್ಲಾ."

"ನಾನೇ ಕೊಡ್ತೀನಿ ಬುಡವ್ವ, ತಿಂಗ್ಳು ತಿಂಗ್ಳು. ಅದೇನು ದೊಡ್ಡ ಇಸ್ಯ."

"ನಿನ್ ಮುಂದೆ ಕೈ ಚಾಚೋದು ಬ್ಯಾಡ ಅಂತ್ಲೇ ಅಲ್ವೇನ್ಲಾ ಆ ದುಡ್ಡು ನಂಗೆ ಬೇಕಾಗಿದ್ದು? ಗೌರಿ ಅಬ್ಬಕ್ಕೆ ನಿನ್ ತಂಗಿಗೆ ಸೀರೆ ತಂದಿದ್ದು ಅದ್ರಲ್ಲೇಯ. ನಿನ್ನ ಕೇಳಿದ್ನಾ?"

ಕೇಳಿರಲಿಲ್ಲ. ಅದಕ್ಕೆ ಮುಂಚೆ ಪ್ರತಿ ಗೌರಿಗೂ ಕೇಳುತ್ತಿದ್ದಳು, ನಾನು ಎರಡು ದಿನ ಗೊಣಗಿಯೇ ಕೊಡುತ್ತಿದ್ದೆ.

ಮರುವಾರವೇ ರೇಷನ್ ಕಾರ್ಡು ಬೇರೆ ಮಾಡಿಸಲು ಅರ್ಜಿ ಹಾಕಿದಳು. ಬೇರೆ ಸಂಸಾರವೆಂದು ತೋರಿಸಬೇಕಲ್ಲ, ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಒಲೆ ಹೂಡಿದಳು. ತನಿಖೆಗೆ ಬರುವವರ ಕಣ್ಣಿಗೆ ಒಂದು ನಾಟಕ ಎಂದುಕೊಂಡೆ. ಅವ್ವ ಅಲ್ಲೇ ಉಣ್ಣತೊಡಗಿದಳು, ಅಲ್ಲೇ ಮಲಗತೊಡಗಿದಳು. ಹೆತ್ತವಳಿಗೆ ಮುದ್ದೆ ಹಾಕಲ್ವಾ ಎಂದು ಊರಿನವರು ನನ್ನ ಮುಖಕ್ಕೇ ಕೇಳಿದರು. ತೆರಿಗೆ ಕಟ್ಟಿದ್ದಕ್ಕೆ ಇದು ಬಹುಮಾನ ಎಂದು ಹಲ್ಲು ಕಡಿದೆ. ಸರ್ಕಾರವನ್ನು ಬೈದೆ, ಎದುರು ಮನೆಯವರನ್ನು ಬೈದೆ, ಅವ್ವನನ್ನೂ ಬಿಡಲಿಲ್ಲ.

ಒಂದು ಭಾನುವಾರ ಹೆಂಡತಿ ನಾಟಿಕೋಳಿ ಸಾರು ಮಾಡಿದ್ದಳು. ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟುಕೊಂಡು ನಾನೇ ಹೋದೆ. ಅವ್ವ ಒಲೆಯ ಮುಂದೆ ಕೂತು ಉಪ್ಸಾರು ಕುದಿಸುತ್ತಿದ್ದಳು. ತಟ್ಟೆಯನ್ನು ನೋಡಿದಳು, ಮುಟ್ಟಲಿಲ್ಲ.

"ತನಿಖೆಯೋರು ಇನ್ನೂ ಬಂದಿಲ್ವಲ್ಲವ್ವ. ಇವತ್ತು ಭಾನ್ವಾರ, ಯಾರು ನೋಡ್ತಾರೆ? ಉಣ್ಣು" ಎಂದೆ.

"ಅವ್ರು ಬಂದು ನೋಡ್ಕಂಡೋದ್ರು ಕಣ್ಲಾ, ನೀನು ಕಾಲೇಜ್ಗೆ ಓಗಿದ್ದೆ. ದುಡ್ಡೂ ಬತ್ತಾ ಅದೆ, ಎಲ್ಡು ತಿಂಗ್ಳಾತು" ಎಂದು ಅವ್ವ ಒಲೆಗೆ ಇನ್ನೊಂದು ಸೌದೆ ಒತ್ತಿದಳು. "ತಕಂಡೋಗು."